ಕರಿಯಾಕಿ ಕರೀಲಿಕ್ಕತ್ಯಾಳ

ಬಲಗಿವಿಯೇ ಇರಬೇಕು. ಅಥವಾ ಎಡಗಿವಿಯೋ. ಅವರ ಒಂದು ಕಿವಿ ಇನ್ನೊಂದಕ್ಕಿಂತ ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಂತಿತ್ತು, ಆ ಕಿವಿಗೆ ಓಲೆ ಇರಲಿಲ್ಲ. ಇನ್ನೊಂದಕ್ಕೆ ಮಾತ್ರ ಬಳೆಯಷ್ಟು ದೊಡ್ಡ ಹಿತ್ತಾಳೆಯ ಓಲೆ, ತಲೆ ತಿರುಗಿಸಿದಾಗ ಕೆನ್ನೆಗೆ ಬಡಿಯುತ್ತಿತ್ತು. ಮೂವತ್ತು ವರ್ಷ ಫೋನಿನ ರಿಸೀವರ್ ಒತ್ತಿ ಹಿಡಿದು ಕಿವಿ ಹೀಗಾಯಿತು ಎಂದು ಅವರೇ ಹೇಳಿದ್ದಾಗಿ ನನಗೆ ನೆನಪು. ಕಿವಿ ಹಾಗೆಲ್ಲ ಚಪ್ಪಟೆಯಾಗುತ್ತದೆಯೇ? ಹುಟ್ಟಿನಿಂದಲೇ ಹಾಗಿದ್ದಿರಬಹುದು. ಅಥವಾ ಅವರು ಹೇಳಿದ್ದು ಓಲೆಯ ವಿಷಯ ಮಾತ್ರ, ರಿಸೀವರಿಗೆ ತಾಗುತ್ತದೆಂದು ಆ ಕಡೆ ಹಾಕುವುದನ್ನು ಬಿಟ್ಟೆ ಎಂದು, ಉಳಿದದ್ದನ್ನು ನಾನು ಸೇರಿಸಿದೆ. ಸತ್ತವರ ಬಗ್ಗೆ ಬರೆಯಲು ಕೂತರೆ ಕೈ ತಾನಾಗಿ ಸೇರಿಸುತ್ತದೆ. ಅದನ್ನು ತಡೆಯುತ್ತ ಬರೆಯಬೇಕು.

ಹಾರ್ಲ್ಸ್‌ಡನ್ನಿನ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಲಿಫ್ಟಿನ ಎಡಕ್ಕೆ ನನ್ನ ಫ್ಲ್ಯಾಟು, ಬಲಕ್ಕೆ ಅವರದು. ನಡುವೆ ಆರು ಹೆಜ್ಜೆ. ಕೆರಿಬಿಯನ್ ಕಡೆಯ ಒಂದು ದ್ವೀಪದಲ್ಲಿ ಹುಟ್ಟಿ ಒಂಬತ್ತನೇ ವಯಸ್ಸಿಗೆ ಲಂಡನ್ನಿಗೆ ಬಂದವರು. ನಾನು ಅಲ್ಲಿಗೆ ಬಂದಾಗ ಎಪ್ಪತ್ತು ದಾಟಿದ್ದರು, ಒಬ್ಬರೇ ಇದ್ದರು. ಆಂಟಿ ಎನ್ನುತ್ತಿದ್ದೆ. ಅದೊಂದು ಪದ ಮಾತ್ರ ಎರಡು ಮನೆಗಳಲ್ಲೂ ಒಂದೇ ಅರ್ಥಕ್ಕಿತ್ತು, ಅವರ ಕಡೆಯೂ ಹಿರಿಯ ಹೆಂಗಸರೆಲ್ಲ ಆಂಟಿಯರೇ. ಇಲ್ಲಿ ಬರೆಯುವಾಗ ಅವರಿಗೆ ಬಹುವಚನ ಕೊಡುತ್ತಿದ್ದೇನೆ. ಮನೆಯೊಳಗೆ, ಕನ್ನಡದಲ್ಲಿ, ಕೊಡುತ್ತಿರಲಿಲ್ಲ.

ಪಾರ್ಕ್ ರಾಯಲ್‌ನಲ್ಲಿ ಸಾಸು, ಚಟ್ನಿ, ಉಪ್ಪಿನಕಾಯಿ ಮಾಡುವ ಕಾರ್ಖಾನೆಯೊಂದರಲ್ಲಿ ಲೇಬಲ್ ಓದುವುದು ನನ್ನ ಕೆಲಸ. ಸೀಸೆಯೊಳಗೆ ಸಾಸಿವೆ ಇದ್ದರೆ ಹೊರಗೆ ಸಾಸಿವೆ ಎಂದು ಬರೆದಿರಬೇಕು. ಮೊದಲ ಸಲ ಲಿಫ್ಟಿನಲ್ಲಿ ಇದನ್ನು ಹೇಳಿದಾಗ ಅವರು ನಕ್ಕರು. "ಹಾಗಾದರೆ ನೀನೂ ನಾನೂ ಒಂದೇ ಕಸುಬಿನವರು, ಡಾರ್ಲಿಂಗ್."

ಅವರ ಕಸುಬು ನನಗೆ ತುಂಡು ತುಂಡಾಗಿ ತಿಳಿಯಿತು. ಹದಿನೆಂಟಕ್ಕೆ ಟೈಪಿಸ್ಟ್ ಕೆಲಸವೊಂದಕ್ಕೆ ಫೋನ್ ಮಾಡಿದರಂತೆ. ಇಲ್ಲಿನ ಶಾಲೆಯಲ್ಲಿ ಕಲಿತ ಇಂಗ್ಲಿಷು. ಆ ಕಡೆಯವರು "ನಾಳೆಯೇ ಬನ್ನಿ" ಎಂದರು. ಮರುದಿನ ಹೋದರೆ ಬಾಗಿಲು ತೆರೆದವನು ಮುಖ ನೋಡಿ, ಈಗಷ್ಟೇ ಬೇರೆಯವರನ್ನು ತೆಗೆದುಕೊಂಡೆವು ಎಂದ. ಇವರು ಬೀದಿ ತುದಿಯ ಫೋನ್ ಡಬ್ಬಿಗೆ ಹೋಗಿ ಇನ್ನೊಂದು ಹೆಸರಿನಲ್ಲಿ ಮತ್ತೆ ಕೇಳಿದರು. "ಕೆಲಸ ಖಾಲಿ ಇದೆ, ನಾಳೆಯೇ ಬನ್ನಿ."

"ಫೋನಿನಲ್ಲಿ ನನಗೆ ಬಣ್ಣ ಇರಲಿಲ್ಲ," ಎನ್ನುತ್ತಿದ್ದರು. ಈ ಮಾತನ್ನು ಎಷ್ಟೋ ಸಲ ಹೇಳಿದ್ದರಿಂದ ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ.

ಅವತ್ತೇ ಒಂದು ನೋಟ್‌ಬುಕ್ ಕೊಂಡರು. ಎಡಪುಟದಲ್ಲಿ ಫೋನಿನಲ್ಲಿ ಹೇಳಿದ್ದು, ಬಲಪುಟದಲ್ಲಿ ಬಾಗಿಲಲ್ಲಿ ಹೇಳಿದ್ದು. ಎರಡಕ್ಕೂ ಗಂಟೆ, ನಿಮಿಷ. ಕೆಲಸ, ಬಾಡಿಗೆ ಕೋಣೆ, ಡಾನ್ಸ್ ಹಾಲ್, ಏನಾದರೂ ಸರಿ. ಹೀಗೆ ಬರೆದಿಡುವವರು ಊರಲ್ಲಿ ಇನ್ನೂ ಕೆಲವರಿದ್ದರು. ಎಲ್ಲ ನೋಟ್‌ಬುಕ್ಕುಗಳೂ ಬಣ್ಣಭೇದಕ್ಕೆ ಸಾಕ್ಷಿಯಾಗಿ ಒಟ್ಟಿಗೆ ವಕೀಲರ ಮೇಜಿಗೆ ಹೋದವು.

ಮುಂದೆ ದಕ್ಷಿಣ ಆಫ್ರಿಕದ ಬಿಳಿಯರ ಸರ್ಕಾರದ ವಿರುದ್ಧ ಇಲ್ಲಿ ಚಳವಳಿ ನಡೆದಾಗ, ಫೋನಿನ ಕೆಲಸ ತಾನಾಗಿ ಇವರ ಪಾಲಿಗೆ ಬಂತು. ಅಂಗಡಿಯೊಂದರ ಮೇಲಿನ ಕೋಣೆ, ಒಂದು ಮೇಜು, ಒಂದು ಫೋನು. ಜನರನ್ನು ಮೆರವಣಿಗೆಗೆ ಕರೆಯಬೇಕು. ಆ ದೇಶದ ಕಿತ್ತಳೆ ಮಾರುವ ಅಂಗಡಿಯವರಿಗೆ ದಿನಾ ಫೋನ್ ಮಾಡಿ ಪೀಡಿಸಬೇಕು. ಸಂಸತ್ತಿನ ಸದಸ್ಯರಿಗೆ ಟಿಪ್ಪಣಿ ಓದಿ ಹೇಳಬೇಕು. ಕ್ರಮೇಣ ಟಿಪ್ಪಣಿ ಬರೆಯುವವರೂ ಇವರೇ ಆದರು. ಒಮ್ಮೆ ಸರ್ಕಾರ ಆ ದೇಶದ ಬಗ್ಗೆ ಹೇಳಿಕೆ ಕೊಡುವುದಿತ್ತು. ಕರಡಿನಲ್ಲಿ 'ಕಳವಳ' ಎಂದಿತ್ತು. ಇವರಿಗೆ 'ಖಂಡನೆ' ಬೇಕಿತ್ತು. ಕರಡು ಬರೆಯುವ ಅಧಿಕಾರಿಗೆ ಮೂರು ವಾರ ದಿನಾ ಬೆಳಿಗ್ಗೆ ಫೋನ್ ಮಾಡಿದರು. ಕೊನೆಗೆ ಆತ, ಬನ್ನಿ, ಕೂತು ಮಾತಾಡೋಣ ಎಂದ. ಹೋದರು. ಆತ ಇವರ ಮುಖ ನೋಡಿದವನೇ ಮೇಜಿನ ಮೇಲಿನ ಟೀ ಕಪ್ಪುಗಳನ್ನು ತೋರಿಸಿ, ಅವನ್ನು ತೆಗೆದುಕೊಂಡು ಹೋಗಬಹುದು ಎಂದ.

"ನೀವೇನು ಮಾಡಿದಿರಿ?"

"ಕಪ್ಪುಗಳನ್ನು ಜೋಡಿಸಿ ಪಕ್ಕಕ್ಕಿಟ್ಟೆ. ಕುರ್ಚಿ ಎಳೆದುಕೊಂಡು ಕೂತೆ. ಆಮೇಲೆ ಗುಡ್ ಮಾರ್ನಿಂಗ್ ಅಂದೆ. ದನಿ ಕೇಳಿ ಅವನ ಕುತ್ತಿಗೆ ಕೆಂಪಾಯಿತು ನೋಡು, ಅಲ್ಲಿಂದ ಮೇಲೆ ಹತ್ತುತ್ತ ಹೋಯಿತು. ಹಣೆ ಮುಟ್ಟುವ ಹೊತ್ತಿಗೆ ನನ್ನ ಪದ ನನಗೆ ಸಿಕ್ಕಿತ್ತು."

ಮಂತ್ರಿ ಓದಿದ ಹೇಳಿಕೆಯಲ್ಲಿ 'ಖಂಡನೆ' ಇತ್ತು ಎಂದು ಅವರು ಹೇಳಿದರು. ವ್ಯಾಪಾರ ನಿಲ್ಲಿಸುವ ಮಾತು ಆಮೇಲೆ ಆ ಪದವನ್ನು ಹಿಡಿದುಕೊಂಡೇ ಬಂತಂತೆ. ಹಳೆಯ ದಾಖಲೆ ತೆಗೆಸಿ ನಾನು ನೋಡಿಲ್ಲ. ನೋಡಬಹುದಿತ್ತು. "ಪದದ ಮೇಲೆ ಯಾರ ಹೆಸರೂ ಇರುವುದಿಲ್ಲ. ಅದಕ್ಕೇ ಅದು ಅಷ್ಟು ದೂರ ಹೋಗುತ್ತದೆ," ಎಂದಿದ್ದರು.

ಬರೆದದ್ದನ್ನು ಹೊಡೆದುಹಾಕುವುದರಲ್ಲಿ ಅವರಿಗೆ ಎರಡು ಬಗೆ ಇತ್ತು. ಬೇಡದ ಪದವಾದರೆ ಪೆನ್ನನ್ನು ಮತ್ತೆ ಮತ್ತೆ ಎಳೆದು, ಕಾಗದ ಉಬ್ಬುವವರೆಗೆ ಮಸಿ ತುಂಬಿ, ಯಾವ ಪದವಿತ್ತು ಎಂಬುದೇ ತಿಳಿಯದಂತೆ ಮಾಡುತ್ತಿದ್ದರು. ಮನೆಯ ಫೋನಿನ ಪಕ್ಕದಲ್ಲಿದ್ದ ನಂಬರುಗಳ ಪುಸ್ತಕದಲ್ಲಿ ಸತ್ತವರ ಹೆಸರಿನ ಮೇಲೆ ಮಾತ್ರ ಪೆನ್ಸಿಲಿನ ಒಂದು ಸಣ್ಣ ಗೆರೆ. ಹೆಸರು ಓದಲು ಸಿಗಬೇಕು. ಭಾನುವಾರ ಮಧ್ಯಾಹ್ನ ಆ ಪುಸ್ತಕವಿಟ್ಟುಕೊಂಡು ಉಳಿದವರಿಗೆಲ್ಲ ಫೋನ್ ಮಾಡುವುದು ಅವರ ಪದ್ಧತಿ. ನಾನು ಬಂದ ವರ್ಷ ಅದು ಸಂಜೆಯವರೆಗೂ ನಡೆಯುತ್ತಿತ್ತು, ಅವರ ಬಾಗಿಲಾಚೆಯಿಂದ ನಗು ಕೇಳುತ್ತಿತ್ತು. ಕೆಲವು ವರ್ಷಗಳಲ್ಲಿ ಅರ್ಧ ಗಂಟೆಗೆ ಇಳಿಯಿತು. ಆಮೇಲೆ ಅವರು ನಮ್ಮ ಮನೆಗೆ ಫೋನ್ ಮಾಡತೊಡಗಿದರು. ಆರು ಹೆಜ್ಜೆ ನಡೆದು ಬಾಗಿಲು ಬಡಿಯಬಹುದಿತ್ತು. ಫೋನೇ ಮಾಡುತ್ತಿದ್ದರು.

ಫೋನ್ ಎತ್ತುತ್ತಿದ್ದವಳು ಅವ್ವ. ಧಾರವಾಡದಿಂದ ವಿಸಿಟರ್ ವೀಸಾದಲ್ಲಿ ಬಂದು ವರ್ಷಕ್ಕೆ ಐದಾರು ತಿಂಗಳು ನನ್ನ ಜೊತೆ ಇರುತ್ತಿದ್ದಳು. ಅವರನ್ನು ಮೊದಲು ನೋಡಿದ ದಿನವೇ ಅವ್ವ ಮರುಗಿದ್ದಳು: "ಪಾಪ, ಆ ಕರಿಯಾಕಿಗೆ ಒಂದs ಓಲಿ ಅದ ನೋಡೋ. ಇನ್ನೊಂದ ಎಲ್ಲಿ ಕಳಕೊಂಡಾಳೋ ಏನೋ." ಕರಿಯಾಕಿ, ಕಪ್ಪಗಿನವಳು. ಅವತ್ತಿಂದ ನಮ್ಮ ಮನೆಯಲ್ಲಿ ಅದೇ ಅವರ ಹೆಸರಾಯಿತು. ಅವ್ವನ ಬಾಯಲ್ಲಿ ಮಾತ್ರವಲ್ಲ, ನನ್ನ ಬಾಯಲ್ಲೂ. ಕರಿಯಾಕಿ ಮನಿಯಾಗ ದೀಪ ಅದ, ಕರಿಯಾಕಿಗೆ ಕೆಮ್ಮು ಬಂದದ. ಫೋನು ಬಂದರೆ ಅವ್ವ ರಿಸೀವರನ್ನು ಬಾಯಿಗೆ ಹಿಡಿದುಕೊಂಡೇ ಒಳಗೆ ಕೂಗುತ್ತಿದ್ದಳು: "ಏ ಬಾರೋ, ಕರಿಯಾಕಿ ಕರೀಲಿಕ್ಕತ್ಯಾಳ!"

ಒಂದು ಬೆಳಿಗ್ಗೆ ಲಿಫ್ಟಿಗೆ ಕಾಯುತ್ತಿದ್ದಾಗ ಅವರು ಕೇಳಿದರು. "ನಿನ್ನ ತಾಯಿ ನನ್ನ ಫೋನ್ ಎತ್ತಿದಾಗಲೆಲ್ಲ ಒಂದು ಪದ ಹೇಳುತ್ತಾರೆ. ಕರಿಯಾಕಿ. ಮೊದಲು ಅದು ನಿಮ್ಮ ಭಾಷೆಯ ಹಲೋ ಅಂದುಕೊಂಡಿದ್ದೆ. ಆದರೆ ಮೊನ್ನೆ ನಾನು ನಿಮ್ಮಲ್ಲಿ ಕೂತಿದ್ದಾಗ ಬೇರೆ ಯಾರದೋ ಫೋನು ಬಂತು, ಅವರಿಗೆ ಹೇಳಲಿಲ್ಲ. ಅಂದರೆ ಅದು ನನಗೊಬ್ಬಳಿಗೇ. ಏನದು?"

ಉಚ್ಚಾರ ತಪ್ಪಿರಲಿಲ್ಲ. ಅಷ್ಟು ವರ್ಷ ದನಿಗಳನ್ನೇ ಕೇಳಿದ ಕಿವಿ.

ಲಿಫ್ಟು ಒಂದನೇ ಮಹಡಿಯಲ್ಲಿತ್ತು. ಅದು ಮೂರಕ್ಕೆ ಬರುವಷ್ಟರಲ್ಲಿ ನನಗೆ ಉತ್ತರ ಹೊಳೆಯಿತು. "ನಮ್ಮ ಕಡೆ ಕರಿ ಅಂದರೆ ಕರೆಯುವುದು, ಆಂಟಿ. ಕರಿಯಾಕಿ ಅಂದರೆ ಕರೆಯುವವಳು. ನೀವು ಫೋನ್ ಮಾಡುತ್ತೀರಲ್ಲ, ಅದಕ್ಕೆ."

ಧಾರವಾಡದ ಆಡುಮಾತಿನಲ್ಲಿ ಹಾಡುವವಳು ಹಾಡಾಕಿ, ಮಾಡುವವಳು ಮಾಡಾಕಿ, ಕರೆಯುವವಳು ಕರಿಯಾಕಿ. ವ್ಯಾಕರಣದ ಪ್ರಕಾರ ನಾನು ಸುಳ್ಳು ಹೇಳಿರಲಿಲ್ಲ.

ಲಿಫ್ಟಿನ ಬಾಗಿಲು ತೆರೆಯಿತು. ಅವರು ಒಳಗೆ ಕಾಲಿಡಲಿಲ್ಲ. "ಕರೆಯುವವಳು," ಎಂದರು. "ಇಡೀ ಜೀವಮಾನ ನಾನು ಮಾಡಿದ್ದು ಅದನ್ನೇ. ಕಾರ್ಯದರ್ಶಿ ಅಂದರು, ಸಲಹೆಗಾರ್ತಿ ಅಂದರು, ಇನ್ನೂ ಏನೇನೋ ಅಂದರು, ನಿನಗೆ ಗೊತ್ತಲ್ಲ. ನಾನು ಮಾಡಿದ ಕೆಲಸದ ಹೆಸರನ್ನು ಯಾರೂ ನನಗಿಟ್ಟಿರಲಿಲ್ಲ. ನಿನ್ನ ತಾಯಿಗೆ ಹೇಗೆ ತಿಳಿಯಿತು?" ಬಾಗಿಲು ಮುಚ್ಚಿಕೊಂಡು ಲಿಫ್ಟು ಖಾಲಿಯೇ ಕೆಳಗಿಳಿಯಿತು.

ಆ ವಾರದಿಂದ ಫೋನಿನಲ್ಲಿ ಅವರೇ ಹೇಳತೊಡಗಿದರು: "ಹಲೋ, ಕರಿಯಾಕಿ ಹಿಯರ್." ಅವ್ವ ಬೆಚ್ಚಿಬಿದ್ದಳು. "ಏನ ಹೇಳೀಯೋ ಆಕಿಗೆ?" ಹೇಳಿದೆ. ಅವ್ವ "ಭಾಳ ಶಾಣ್ಯಾ ಇದ್ದಿ ಬಿಡು," ಎಂದಳು. ಶಾಣ್ಯಾ ಅಂದರೆ ಜಾಣ, ಆದರೆ ನಮ್ಮಲ್ಲಿ ಆ ಮಾತನ್ನು ಹೊಗಳುವುದಕ್ಕೆ ಹೇಳುವುದು ಅಪರೂಪ. ಮಾರನೆಯ ದಿನ ಅವರ ಮನೆಗೆ ಹೋಗಿಬಂದವಳು ಸೆರಗಿಗೆ ಎಣ್ಣೆಯ ವಾಸನೆ ಹತ್ತಿಸಿಕೊಂಡು ಬಂದು ಹೇಳಿದಳು: "ಬಾಳಿಹಣ್ಣ ಎಣ್ಣ್ಯಾಗ ಕರೀಲಿಕ್ಕತ್ತಿದ್ಳು. ಹಣ್ಣ ಯಾರರ ಕರೀತಾರೇನೋ? ಈಗ ಖರೇನs ಕರಿಯಾಕಿ ಆದ್ಳು." ತಾನೇ ನಕ್ಕಳು. ನಾನೂ ನಕ್ಕೆ. ನನ್ನ ಸುಳ್ಳಿಗೆ ಇನ್ನೊಂದು ಅರ್ಥ ಸೇರಿ ಅದು ಹಗುರಾದಂತೆ ಅನಿಸಿತು.

ಇಲ್ಲಿ ಒಂದು ವಿಷಯ ಬರೆಯಬೇಕೋ ಬಿಡಬೇಕೋ ತಿಳಿಯದು. ಅವ್ವನೂ ಕಪ್ಪು. ನನ್ನ ನೆನಪಿನಲ್ಲಿ ಅಜ್ಜಿ, ಅಂದರೆ ಅವ್ವನ ಅತ್ತೆ, ಪಡಸಾಲೆಯಲ್ಲಿ ಕೂತು ಅಡುಗೆಮನೆಯ ಕಡೆಗೆ "ಏ ಕರಿಯಾಕಿ, ನೀರ ತಾ" ಎಂದು ಕೂಗುತ್ತಾಳೆ. ಹುಬ್ಬಳ್ಳಿಯ ತಂಗಿಗೆ ಫೋನ್ ಮಾಡಿ ಕೇಳಿದೆ. "ಅಜ್ಜಿ ಹಂಗ ಎಂದೂ ಅಂದಿಲ್ಲ. ನೀ ಬರಿಯಾಂವ, ಏನರ ಕಟ್ಟತೀದಿ," ಎಂದಳು. ತಂಗಿ ಬೆಳ್ಳಗಿದ್ದಾಳೆ. ಬೆಳ್ಳಗಿದ್ದವರ ಕಿವಿಗೆ ಅದು ಬೀಳದೇ ಇದ್ದಿರಬಹುದು. ಅಥವಾ ಅವ್ವನನ್ನು ಕಾಪಾಡಲು ನಾನೇ ಅಜ್ಜಿಯನ್ನು ಪಡಸಾಲೆಯಲ್ಲಿ ಕೂಡಿಸಿರಬಹುದು. ನನ್ನ ನೆನಪು ನಿಜವಾದರೆ ಅವ್ವ ಆ ಅಪರಿಚಿತ ಹೆಂಗಸಿಗೆ ತನ್ನದೇ ಹೆಸರನ್ನು ಕೊಟ್ಟಿದ್ದಳು. ಸುಳ್ಳಾದರೆ, ನಾವೂ ಎಲ್ಲರ ಹಾಗೆಯೇ ಬಣ್ಣ ನೋಡಿ ಹೆಸರಿಡುವ ಮನೆಯವರು.

ನಾನು ಕೆಲಸಕ್ಕೆ ಹೋದ ಮೇಲೆ ಇಬ್ಬರೂ ಮಧ್ಯಾಹ್ನಗಳನ್ನು ಒಟ್ಟಿಗೆ ಕಳೆಯುತ್ತಿದ್ದರು. ಅವ್ವನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಏನು ಮಾಡುತ್ತೀರಿ ಎಂದರೆ ಅವ್ವ "ಕುಂದರತೇವಿ" ಎನ್ನುತ್ತಿದ್ದಳು. ಕಿಟಕಿಯ ಹತ್ತಿರ ಎರಡು ಕುರ್ಚಿ. ಕೆಳಗೆ ಬಸ್ಸುಗಳು.

ಯುಗಾದಿಗೆ ಪಿನ್ನರ್‌ನಲ್ಲಿ ಒಬ್ಬ ಡಾಕ್ಟರರ ಮನೆಯಲ್ಲಿ ಕನ್ನಡದವರ ಊಟವಿತ್ತು. ಡಾಕ್ಟರರು ವಿಜಯಪುರದ ಕಡೆಯವರು, ಅಲ್ಲೇ ಜಿಪಿ, ಅಂದರೆ ಬಡಾವಣೆಯ ವೈದ್ಯರು. ಉಳಿದವರು ಹೆಚ್ಚಾಗಿ ಬೆಂಗಳೂರಿನವರು, ಕ್ಯಾನರಿ ವಾರ್ಫ್‌ನ ಬ್ಯಾಂಕುಗಳಲ್ಲಿ ಕೆಲಸ ಮಾಡುವವರು. "ಆಕಿನ್ನೂ ಕರಕೊಂಡ ಹೋಗೂಣು, ಒಬ್ಬಾಕೀನs ಕೂತಿರತಾಳ," ಎಂದು ಹಟ ಹಿಡಿದವಳು ಅವ್ವ. ನಾನು ಬೇಡ ಎನ್ನಲು ಕಾರಣ ಹುಡುಕಿದೆ. ಸಿಕ್ಕ ಕಾರಣವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಬಾಗಿಲಲ್ಲೇ ಒಬ್ಬರು ಕೇಳಿದರು. "ಹಾರ್ಲ್ಸ್‌ಡನ್ನಾ? ಸೇಫಾ ಸಾರ್ ಅಲ್ಲಿ?" ಕಣ್ಣು ನನ್ನ ಪಕ್ಕದಲ್ಲಿ ನಿಂತವರ ಮೇಲಿತ್ತು, ಮಾತು ಕನ್ನಡದಲ್ಲಿತ್ತು. ನಾನು ಏನೋ ಗೊಣಗಿದೆ. ಅಷ್ಟರಲ್ಲಿ ಆಂಟಿ ಎರಡು ಕೈ ಜೋಡಿಸಿ, ಅವ್ವ ಕಲಿಸಿದ್ದಿರಬೇಕು, ಒಂದೊಂದೇ ಪದ ಬಿಡಿಸಿ ಹೇಳಿದರು:

"ನಮಸ್ಕಾರ. ನನ್ನ ಹೆಸರು ಕರಿಯಾಕಿ."

ತಟ್ಟೆ, ಚಮಚ, ಮಾತು, ಎಲ್ಲ ನಿಂತಿತು. ಹಾಗೆ ನನಗೆ ನೆನಪು. ನಿಜದಲ್ಲಿ ಒಂದೆರಡು ಕ್ಷಣ ನಿಂತಿರಬಹುದು. ಡಾಕ್ಟರರು ನನ್ನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ವಿಜಯಪುರದವರಿಗೆ ತಿಳಿಯದೆ ಇರುತ್ತದೆಯೇ? "ಕರಿಯಾಕಿ ಅಂದ್ರ ಕರಿಯುವಾಕಿ ರೀ," ಎಂದು ಗಟ್ಟಿಯಾಗಿ ಹೇಳಿದರು, ಬೆಂಗಳೂರಿನವರಿಗೆ ಅರ್ಥ ಬಿಡಿಸುವವರ ಹಾಗೆ. "ಊಟಕ್ಕ ಕರಿಯಾಕಿ! ಬರ್ರಿ ಬರ್ರಿ, ಎಲ್ಲಾರನ್ನೂ ಊಟಕ್ಕ ಕರೀರಿ." ಜನ ಉಸಿರು ಬಿಟ್ಟು ನಕ್ಕರು. ಆದರೆ ಅದಕ್ಕೂ ಮೊದಲೇ ಅಡುಗೆಮನೆಯಲ್ಲಿ ಒಬ್ಬ ಹೆಂಗಸು ನಕ್ಕಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದ ನಗು.

ವಾಪಸು ಬರುವಾಗ ರೈಲಿನಲ್ಲಿ ಅವ್ವ ನಿದ್ದೆ ಹೋಗಿದ್ದಳು. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ಅಡುಗೆಮನೆಯಲ್ಲಿ ಒಬ್ಬಳು ನಕ್ಕಳಲ್ಲ. ಯಾತಕ್ಕೆ?"

"ಹೋಳಿಗೆ ಸೀದುಹೋಗಿತ್ತಂತೆ, ಆಂಟಿ."

"ಹೌದಾ. ರುಚಿಯಾಗಿತ್ತು ಹೋಳಿಗೆ," ಎಂದರು. ವೆಂಬ್ಲಿ ಪಾರ್ಕ್ ಬಂದಾಗ ಅವರೇ ಅವ್ವನನ್ನು ಎಬ್ಬಿಸಿದರು.

ಆಮೇಲೆ ಎರಡು ವಾರ ಫೋನು ಬರಲಿಲ್ಲ. ಅವರಿಗೆ ನೆಗಡಿಯಾಗಿತ್ತು ಎಂದು ಅವ್ವ ಹೇಳಿದಳು. ಮೂರನೆಯ ಭಾನುವಾರ ಬಂತು. "ಹಲೋ, ಕರಿಯಾಕಿ ಹಿಯರ್." ದನಿ ಮೊದಲಿನ ಹಾಗೇ ಇತ್ತು. ಅಥವಾ ಮೊದಲಿನ ಹಾಗೇ ಇರುವಂತೆ ಅವರು ನೋಡಿಕೊಂಡಿದ್ದರು. ದನಿಯನ್ನು ಹೇಗೆ ಬೇಕಾದರೂ ಇಟ್ಟುಕೊಳ್ಳಬಲ್ಲವರಾಗಿದ್ದರು.

ನಿಜ ಹೇಳಿಬಿಡಬೇಕು ಎಂದು ಹೋದದ್ದು ಒಮ್ಮೆ ಮಾತ್ರ. ಅವ್ವ ಧಾರವಾಡಕ್ಕೆ ಮರಳಿದ್ದಳು. ಲಿಫ್ಟು ಕೆಟ್ಟು ನಾಲ್ಕು ದಿನವಾಗಿತ್ತು, ಅವರು ಮೊಣಕಾಲು ನೋವಿನಿಂದ ಕೆಳಗಿಳಿದಿರಲಿಲ್ಲ. ಶನಿವಾರ ಬೆಳಿಗ್ಗೆ ಹೋದರೆ ಬಾಗಿಲು ತೆರೆದೇ ಇತ್ತು. ಕಿಟಕಿಯ ಹತ್ತಿರ ರಿಸೀವರ್ ಕಿವಿಗೊತ್ತಿ ಕೂತಿದ್ದರು, ನನ್ನನ್ನು ನೋಡಿ ತಡೆ ಎಂದು ಬೆರಳೆತ್ತಿದರು. ಪಕ್ಕದಲ್ಲಿ ನೋಟ್‌ಬುಕ್, ಅದರಲ್ಲಿ ಗಂಟೆ, ನಿಮಿಷ. ಲಿಫ್ಟಿನ ದೂರು. ಕಾಯುವವರಿಗಾಗಿ ಹಾಕುವ ಸಂಗೀತ ರಿಸೀವರಿನಿಂದ ಸಣ್ಣಗೆ ಹೊರಗೆ ಕೇಳುತ್ತಿತ್ತು. ಅವ್ವನ ಕುರ್ಚಿ ಖಾಲಿ ಇತ್ತು, ನಾನು ಅದರಲ್ಲಿ ಕೂರಲಿಲ್ಲ. ಮಂತ್ರಿಯ ಬಾಯಲ್ಲಿ ಪದ ಇಟ್ಟವರು ಒಂದು ಲಿಫ್ಟಿಗಾಗಿ ಸಂಗೀತ ಕೇಳುತ್ತ ಕೂತಿದ್ದನ್ನು ನಿಂತು ನೋಡುತ್ತಿದ್ದೆ. ಬಹಳ ಹೊತ್ತಾದ ಮೇಲೆ ಅವರು ರಿಸೀವರಿನ ಬಾಯಿಗೆ ಕೈ ಮುಚ್ಚಿ ಕೇಳಿದರು.

"ಏನೋ ಹೇಳಬೇಕು ಅಂತ ಬಂದ ಹಾಗಿದೆ?"

"ಹಾಲು ಬೇಕಾ ಅಂತ ಕೇಳೋಣ ಅಂತ ಬಂದೆ, ಆಂಟಿ."

ನನ್ನನ್ನೇ ನೋಡಿದರು. ಮೂರು ವಾರ ಒಬ್ಬ ಅಧಿಕಾರಿಯ ಮೌನವನ್ನು ಕೇಳಿಸಿಕೊಂಡವರು. "ಹೂಂ. ಒಂದು ಪೈಂಟ್ ತಂದುಕೊಡು," ಎಂದು ಮತ್ತೆ ಸಂಗೀತಕ್ಕೆ ಕಿವಿ ಕೊಟ್ಟರು.

ಆ ಚಳಿಗಾಲ ಕಳೆಯುವ ಮೊದಲೇ ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿ ತೀರಿಕೊಂಡರು. ದಹನದ ದಿನ ಹನ್ನೊಂದು ಜನ ಇದ್ದೆವು. ಕೋಟಿಗೆ ಹಳೆಯ ಬ್ಯಾಡ್ಜು ಸಿಕ್ಕಿಸಿಕೊಂಡ ಇಬ್ಬರು ಮುದುಕರು, ಬರ್ಮಿಂಗ್‌ಹ್ಯಾಮ್‌ನಿಂದ ಬಂದ ಅವರ ತಂಗಿಯ ಮಗಳು, ನಾನು, ಉಳಿದವರು ಯಾರೆಂದು ಕೇಳಲಿಲ್ಲ. ಎಲ್ಲರ ಕೈಗೂ ಒಂದು ಮಡಿಸಿದ ಹಾಳೆ ಕೊಟ್ಟಿದ್ದರು. ಮೇಲೆ ಹೆಸರು. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ: ಕರಿಯಾಕಿ. ಅದರ ಕೆಳಗೆ, ಸಣ್ಣದಾಗಿ, ಇಂಗ್ಲಿಷಿನಲ್ಲಿ: ಕರೆಯುವವಳು.

ಅಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ. ಪಾದ್ರಿ ಅದನ್ನು ಗಟ್ಟಿಯಾಗಿ ಓದಿದರು, ನೆರೆಮನೆಯವರು ಪ್ರೀತಿಯಿಂದ ಇಟ್ಟ ಹೆಸರಂತೆ ಎಂದರು. ಮುದುಕರಿಬ್ಬರೂ ತಲೆಯಾಡಿಸಿದರು. ಒಬ್ಬರಂತೂ ಕಣ್ಣೊರೆಸಿಕೊಂಡರು.

ಹೊರಗೆ ಬಂದ ಮೇಲೆ ತಂಗಿಯ ಮಗಳು ನನ್ನ ಹತ್ತಿರ ಬಂದು, ಅದನ್ನು ಹಾಕಬೇಕೆಂದು ದೊಡ್ಡಮ್ಮನೇ ಬರೆದಿಟ್ಟಿದ್ದರು ಎಂದು ಚೀಲದಿಂದ ಒಂದು ಕಾಗದ ತೆಗೆದು ತೋರಿಸಿದಳು. ಅವರ ಕೈಬರಹ. ಕರಿಯಾಕಿ ಎಂದು ಬರೆದು, ಪಕ್ಕದಲ್ಲಿ ಗೆರೆ ಎಳೆದು, ಇಂಗ್ಲಿಷಿನಲ್ಲಿ ಅರ್ಥ ಬರೆದಿದ್ದರು. ಗೆರೆಗೂ ಅರ್ಥಕ್ಕೂ ನಡುವೆ ಒಂದು ಪದವನ್ನು ಹೊಡೆದುಹಾಕಿದ್ದರು. ಪೆನ್ಸಿಲಿನ ಸಣ್ಣ ಗೆರೆಯಲ್ಲ, ಇನ್ನೊಂದು ಬಗೆ. ಮಸಿ ತುಂಬಿ ಕಾಗದ ಉಬ್ಬಿತ್ತು. ಇಂಗ್ಲಿಷಿನ ಐದು ಅಕ್ಷರವಿದ್ದಿರಬಹುದು, ಆರಿದ್ದಿರಬಹುದು. ಬೆಳಕಿಗೆ ಹಿಡಿದೆ, ಏನೂ ಕಾಣಲಿಲ್ಲ. ತಂಗಿಯ ಮಗಳು ಕಾಗದಕ್ಕೆ ಕೈ ಚಾಚಿದಳು, ಕೊಟ್ಟೆ. ಒಂದು ನಿಮಿಷ ನೋಡಿದ್ದು. ಅದು ಹೊಡೆದುಹಾಕಿದ ಪದವೇ ಹೌದೋ, ಪೆನ್ನು ಕಕ್ಕಿದ ಮಸಿಯೋ, ಈಗ ಆಣೆ ಮಾಡಿ ಹೇಳಲಾರೆ.

ಸಂಜೆ ಧಾರವಾಡಕ್ಕೆ ಫೋನ್ ಮಾಡಿದೆ. ಅವ್ವ ಓಲೆ ಹಾಕಿ ಕಳಿಸಿದರೇನು ಎಂದು ಕೇಳಿದಳು. ನೋಡಲಿಲ್ಲ ಎಂದೆ.

"ಅವ್ವಾ, ಆ ಹೆಸರಿನ ಅರ್ಥ ನೀ ಏನರ ಆಕಿಗೆ ಹೇಳಿದ್ದೇನು?"

"ನಮ್ಮ ನಮ್ಮಾಗ ಏನೇನೋ ಮಾತಾಡೇವಿ."

"ಭಾಷಾ ಬರದs ಏನ ಮಾತಾಡಿದ್ರಿ?"

"ಭಾಷಾ ಬರತಿದ್ರ ನಾನೂ ನಿನ್ನಂಗ ಸುಳ್ಳ ಹೇಳಬೇಕಾಗ್ತಿತ್ತು," ಎಂದು ಅವ್ವ ಫೋನ್ ಇಟ್ಟಳು. ಮತ್ತೆ ಎರಡು ಸಲ ಕೇಳಿದ್ದೇನೆ. ಬೇರೆ ಮಾತು ತೆಗೆಯುತ್ತಾಳೆ.

ಅವರ ಫ್ಲ್ಯಾಟಿಗೆ ಈಗ ಬೇರೆಯವರು ಬಂದಿದ್ದಾರೆ. ಭಾನುವಾರ ಮಧ್ಯಾಹ್ನ ಮನೆಯ ಫೋನು ಒಮ್ಮೊಮ್ಮೆ ರಿಂಗಾಗುತ್ತದೆ, ಏನನ್ನೋ ಮಾರುವವರು. ಎತ್ತುತ್ತೇನೆ, ಕೇಳುತ್ತೇನೆ, ಇಡುತ್ತೇನೆ.

ಆ ಪದದ ಅರ್ಥ ಅವರಿಗೆ ಗೊತ್ತಿತ್ತೇ? ಗೊತ್ತಿದ್ದೂ ಇಟ್ಟುಕೊಂಡರೇ? ಗೊತ್ತಿದ್ದರೆ, ಅದು ನನ್ನನ್ನು ಕ್ಷಮಿಸಿ ಇಟ್ಟುಕೊಂಡದ್ದೋ, ಅವ್ವನಿಗಾಗಿ ಇಟ್ಟುಕೊಂಡದ್ದೋ, ಅಥವಾ ಪದವನ್ನೇ ಬದಲಿಸಿಬಿಡುವ ತಮ್ಮ ಹಳೆಯ ಕಸುಬನ್ನು ಕೊನೆಯ ಸಲ ಮಾಡಿದ್ದೋ? ನನಗೆ ಗೊತ್ತಿಲ್ಲ. ಓಲೆ ಇಲ್ಲದ ಕಿವಿ ಯಾವುದು ಎಂಬುದೂ ಗೊತ್ತಿಲ್ಲ.